ಮೆಕ್ಸಿಕೊದಲ್ಲಿ ಯಾರಿಗೂ ತಿಳಿಯದ ಮಾತು

ನಮ್ಮ ಯಜಮಾನರು ಪ್ರಭಾಕರನ್ ಮೆಕ್ಸಿಕೊಕ್ಕೆ ಹೋಗಲು ಕಾರಣ ಮೆಕ್ಸಿಕೊ ಅಲ್ಲ, ಪಕ್ಕದ ಬಾಳೆಮಂಡಿಯ ಪಿಚ್ಚೈ. ಪಿಚ್ಚೈ ಹೋದ ವರ್ಷ ಮಲೇಷಿಯಾಕ್ಕೆ ಹೋಗಿಬಂದು, ಚಿನ್ನಮನೂರಿನ ಬಸ್ ನಿಲ್ದಾಣದ ಎದುರು ತನ್ನ ಭಾವಮೈದುನನ ಹೆಸರಿನಲ್ಲಿ ತನಗೇ ಸ್ವಾಗತ ಕೋರುವ ಫ್ಲೆಕ್ಸ್ ಕಟ್ಟಿಸಿಕೊಂಡಿದ್ದ. ಅಂದಿನಿಂದ ನಮ್ಮವರಿಗೆ ಗೊನೆ ತೂಗುವಾಗಲೂ ಮನಸ್ಸು ತಕ್ಕಡಿಯಲ್ಲಿರಲಿಲ್ಲ. ಒಂದು ದಿನ ಮಗಳ ಶಾಲೆಯ ಕಾಲದ ಗ್ಲೋಬನ್ನು ಅಟ್ಟದಿಂದ ಇಳಿಸಿ, ಮಲೇಷಿಯಾದ ಮೇಲೆ ಬೆರಳಿಟ್ಟು, ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರ ಬೆರಳು ಸರಿಸಿದರು. ಬೆರಳು ಮೆಕ್ಸಿಕೊದಲ್ಲಿ ನಿಂತಿತು. ಅದಕ್ಕಿಂತ ಮುಂದೆ ಹೋದರೆ ಮತ್ತೆ ಮಲೇಷಿಯಾಕ್ಕೇ ಹತ್ತಿರವಾಗುತ್ತೇವೆ ಎಂದು ನನಗೆ ವಿವರಿಸಿದರು.

ದಿಂಡುಕ್ಕಲ್ಲಿನ ಒಂದು ಟ್ರಾವೆಲ್ಸಿನವರು ಬೇಸಿಗೆ ಪ್ರವಾಸದ ಜಾಹೀರಾತು ಕೊಟ್ಟಿದ್ದರು: ಮೆಕ್ಸಿಕೊದ ನಗರಗಳು, ಕಡಲತೀರಗಳು, ಮೂರು ಹೊತ್ತೂ ನಮ್ಮದೇ ಅಡುಗೆಯವರ ಕೈಯ ರಸಂ. ನಮ್ಮವರು ಹೆಸರು ಬರೆಸಿದ ಮರುದಿನವೇ ಫ್ಲೆಕ್ಸ್ ಎದ್ದಿತು. ದೊಡ್ಡ ಟೋಪಿ ಹಾಕಿ ಗಿಟಾರ್ ಹಿಡಿದ ಯಾರದೋ ದೇಹದ ಮೇಲೆ ನಮ್ಮವರ ತಲೆ. ಕೆಳಗೆ, ‘ಮೆಕ್ಸಿಕೊ ಕಂಡ ಕಂಬಂ ಕಣಿವೆಯ ಮೊದಲ ಬಾಳೆ ವ್ಯಾಪಾರಿ’. ಇದು ಸುಳ್ಳೆನ್ನಲು ಯಾರ ಬಳಿಯೂ ಪುರಾವೆ ಇರಲಿಲ್ಲ. ನಾನು ಮಾತ್ರ ಒಂದು ತಿಂಗಳು ಆ ದಾರಿಯನ್ನೇ ಬಿಟ್ಟು ಸುತ್ತುಬಳಸಿ ತರಕಾರಿ ತಂದೆ.

ಇಲ್ಲಿ ನಮ್ಮ ಮಾತಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ದನ ಹೊಡೆದುಕೊಂಡು ತಮಿಳುನಾಡಿನ ಈ ಕಣಿವೆಗೆ ಬಂದು ನೆಲೆನಿಂತ ಕನ್ನಡದವರು. ನಮಗೆ ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಕನ್ನಡದಿಂದ ನಮಗಿರುವ ಬಹುದೊಡ್ಡ ಉಪಯೋಗವೆಂದರೆ, ಎದುರಿಗಿರುವವರ ಬಗ್ಗೆ ಅವರ ಎದುರಿಗೇ ಮಾತಾಡಬಹುದು. ತೇನಿಯ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವನಿಗೆ ತಮಿಳಿನಲ್ಲಿ “ತುಂಬಾ ಚೆನ್ನಾಗಿದೆ ತಂಬಿ” ಎನ್ನುತ್ತಲೇ ಪಕ್ಕದವರಿಗೆ ಕನ್ನಡದಲ್ಲಿ “ಒಂದು ಒಗೆತಕ್ಕೆ ಬಣ್ಣ ಓಗ್ತದೆ, ನಡಿ” ಎನ್ನಬಹುದು. ಈ ಸೌಲಭ್ಯವನ್ನು ನಮ್ಮವರಷ್ಟು ಧಾರಾಳವಾಗಿ ಬಳಸಿದವರು ಕಣಿವೆಯಲ್ಲಿಲ್ಲ. ಮಂಡಿಯ ಹರಾಜಿನಲ್ಲಿ ಕೂಗಿ ಕೂಗಿ ಅವರಿಗೆ ಪಿಸುಮಾತು ಮರೆತುಹೋಗಿದೆ. ಆದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ.

ಆ ಬೇಸಿಗೆಯಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಮೆಕ್ಸಿಕೊ ಅಲ್ಲವೇ ಅಲ್ಲ, ಮಗಳು ತೇನ್‌ಮೊಳಿ. ತೋಟಗಾರಿಕೆ ಓದಿ ಬೋಡಿಮೆಟ್ಟಿನ ಏಲಕ್ಕಿ ಎಸ್ಟೇಟಿನಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ದಿಂಡುಕ್ಕಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಅಜಿತ್‌ಕುಮಾರ್, ದನದ ಡಾಕ್ಟರ್. ನಮ್ಮ ಮಾತಿನ ಜನವೇ. ಅಪ್ಪನಿಗೆ ಇರುಂಬು ವ್ಯಾಪಾರ ಎಂದು ಬ್ರೋಕರ್ ಹೇಳಿದ್ದ, ಹೆಸರು ಹೇಳಿರಲಿಲ್ಲ. ಇರುಂಬು ಎಂದರೆ ಕಬ್ಬಿಣ. ನಮ್ಮವರು ಅಷ್ಟರಿಂದಲೇ ಒಂದು ದೊಡ್ಡ ಫೌಂಡ್ರಿ, ಎರಡು ಕಾರು, ದಪ್ಪ ಮೀಸೆಯ ಬೀಗರು ಎಲ್ಲವನ್ನೂ ಕಲ್ಪಿಸಿಕೊಂಡಿದ್ದರು. ಜಾತಕ ಕೂಡಿತ್ತು. ಆದರೆ ಅವರು ಅವಸರದ ಜನವಲ್ಲವಂತೆ, ಬೇಸಿಗೆ ಕಳೆಯಲಿ, ಹೆಣ್ಣಿನ ಮನೆಯವರನ್ನು ನಿಧಾನವಾಗಿ ತಿಳಿದುಕೊಂಡು ಹೇಳುತ್ತೇವೆ ಎಂದಿದ್ದರು. ಯಾವ ಹುಡುಗನ ಫೋಟೋವನ್ನೂ ಎರಡನೆಯ ಸಲ ನೋಡದ ನನ್ನ ಮಗಳು ಈ ಫೋಟೋವನ್ನು ಮಾತ್ರ ತನ್ನ ಫೋನಿಗೆ ಕಳಿಸು ಎಂದಿದ್ದಳು. ನನ್ನ ನಿದ್ದೆ ಕೆಡಲು ಅಷ್ಟು ಸಾಕಾಗಿತ್ತು.

ಮದುರೈ ವಿಮಾನ ನಿಲ್ದಾಣದಲ್ಲಿ ಗುಂಪು ಸೇರಿತು. ಪ್ರವಾಸದ ಮುಖ್ಯಸ್ಥೆ ತಂಗಮ್ಮಾಳ್, ನಿವೃತ್ತ ಹೆಡ್‌ಮಿಸ್ಟ್ರೆಸ್, ಕೊರಳಲ್ಲಿ ಸೀಟಿ. ಶಾಲೆಯ ಪ್ರವಾಸದ ನಿಯಮವನ್ನೇ ಅವರು ಮೆಕ್ಸಿಕೊಕ್ಕೂ ಅನ್ವಯಿಸಿದ್ದರು: ಹೋಟೆಲಿನಲ್ಲಿ ಗಂಡಸರೆಲ್ಲ ಒಂದು ಕಡೆ, ಹೆಂಗಸರೆಲ್ಲ ಒಂದು ಕಡೆ. ಬೆಳ್ಳಿಕೂದಲಿನ ದಂಪತಿಗಳು ಕೂಡ ಆ ಸೀಟಿಗೆ ಹೆದರಿ ತಲೆಯಾಡಿಸಿದರು. ನನ್ನ ಪಾಲಿಗೆ ಕೋಣೆಯ ಜೊತೆಗಾತಿಯಾಗಿ ಬಂದವರು ದಿಂಡುಕ್ಕಲ್ಲಿನ ಪಾಂಡಿಯಮ್ಮಾಳ್. ನಮ್ಮವರ ಪಾಲಿಗೆ ಅವರ ಗಂಡ ಆಂಡಿ. ಸಣ್ಣ ಆಳು, ಬಿಳಿ ಪಂಚೆ, ಕಾಲಿಗೆ ಚಪ್ಪಲಿ. ಏನು ಕೆಲಸ ಎಂದು ಕೇಳಿದ್ದಕ್ಕೆ “ಪೂಟ್ಟು ವ್ಯಾಪಾರ” ಎಂದು ತಮಿಳಿನಲ್ಲಿ ಹೇಳಿ ಸುಮ್ಮನಾದರು. ದಿಂಡುಕ್ಕಲ್ಲಿನ ಬೀಗಗಳನ್ನು ಊರೂರಿಗೆ ಕಳಿಸುವ ವ್ಯಾಪಾರ.

ಇವರಿಗೆ ಕನ್ನಡ ಬರುತ್ತದೆಯೇ ಎಂದು ನಾನು ಅನುಮಾನಪಟ್ಟೆ. ಅನುಮಾನ ಪಡುವುದು ನನ್ನ ಸ್ವಭಾವ. ನಮ್ಮವರು ತಕ್ಷಣ ಶಾಸ್ತ್ರೀಯವಾದ ಪರೀಕ್ಷೆಯೊಂದನ್ನು ನಡೆಸಿದರು. ಆಂಡಿ ಅವರ ಬೆನ್ನ ಹಿಂದೆ ನಿಂತು ಕನ್ನಡದಲ್ಲಿ, “ನಿನ್ನ ಬೂಟಿನ ದಾರ ಬಿಚ್ಚೋಗೈತೆ, ಎಡವಿ ಬೀಳ್ತೀಯೆ!” ಎಂದು ಕೂಗಿದರು. ಆಂಡಿ ಬಗ್ಗಿ ನೋಡಲಿಲ್ಲ.

“ನೋಡ್ದಾ? ಒಂದಕ್ಷರ ಬರಲ್ಲ,” ಎಂದರು ನಮ್ಮವರು. ಚಪ್ಪಲಿಗೆ ದಾರವಿರುವುದಿಲ್ಲ ಎಂಬುದು ನನಗೆ ಹೊಳೆದದ್ದು ವಿಮಾನ ಏರಿದ ಮೇಲೆ.

ವಿಮಾನದಲ್ಲಿ ಅವರಿಬ್ಬರೂ ನಮ್ಮ ಮುಂದಿನ ಸೀಟಿನಲ್ಲಿ. ನಮ್ಮವರು ಆರಂಭಿಸಿದರು.

“ಸೆಲ್ವೀ, ಆ ತಾತನ್ನ ನೋಡು. ಬಾಯಿಗೂ ಒಂದು ಬೀಗ ಜಡ್ಕಂಡವ್ನೆ. ಉಣ್ಣಕ್ಕೆ ಮಾತ್ರ ಬಿಚ್ತಾನೆ.”

“ಮೆತ್ತಗೆ,” ಎಂದೆ.

“ಯಾಕೆ ಮೆತ್ತಗೆ? ಈ ವಿಮಾನದಾಗೆ ನಮ್ಮ ಮಾತು ತಿಳ್ದೋನು ಅಂದ್ರೆ ನಾನು, ನೀನು, ಆ ದೇವ್ರು. ಅಲ್ಲಾ, ಆ ಅಮ್ಮ ಮಡಿಲಾಗೆ ಒಂದು ಡಬ್ಬ ಇಡ್ಕಂಡು ಕುಂತೈತಲ್ಲಾ, ಬಿಡಲ್ವಲ್ಲಾ, ಅದ್ರಾಗೆ ಏನೈತೆ ಅಂತೀಯಾ? ಅವ್ರತ್ತೆ ಬೂದಿ ಇರ್ಬೇಕು!”

ಡಬ್ಬದಲ್ಲಿದ್ದದ್ದು ಬೇಳೆಪುಡಿ. ಊಟದ ಹೊತ್ತಿಗೆ ಪಾಂಡಿಯಮ್ಮಾಳ್ ಹಿಂದಕ್ಕೆ ತಿರುಗಿ, ನಗುತ್ತಾ, ನಮ್ಮವರ ಅನ್ನಕ್ಕೆ ಅದೇ ಪುಡಿಯನ್ನು ಎರಡು ಚಮಚ ಹಾಕಿದರು. ನಮ್ಮವರು ಚಪ್ಪರಿಸಿ ತಿಂದರು.

ಮೆಕ್ಸಿಕೊ ನಗರ ಬಹಳ ಎತ್ತರದಲ್ಲಿದೆ. ಅಲ್ಲಿ ಇಳಿದ ದಿನ ನಮ್ಮವರಿಗೆ ಉಸಿರು ಸಾಲದೆ ಮಾತು ನಿಂತುಹೋಯಿತು. ಇಡೀ ಪ್ರವಾಸದಲ್ಲಿ ನಾನು ನೆಮ್ಮದಿಯಿಂದ ಊರು ನೋಡಿದ್ದು ಆ ಒಂದೇ ದಿನ. ಮರುದಿನ ಉಸಿರು ಬಂತು. ಪಿರಮಿಡ್ ನೋಡಲು ಹೋದಾಗ ಆಂಡಿ ಮೆಟ್ಟಿಲ ಬುಡದಲ್ಲೇ ಕುಳಿತು ಎಳನೀರು ಹುಡುಕಿದ್ದರ ಬಗ್ಗೆ, ಪೇಟೆಯಲ್ಲಿ ಕಳ್ಳಿಯ ಎಲೆಯನ್ನು ಮುಳ್ಳು ಕೆರೆದು ಪಲ್ಯಕ್ಕೆ ಮಾರುವುದನ್ನು ಪಾಂಡಿಯಮ್ಮಾಳ್ ಮುಟ್ಟಿ ಮುಟ್ಟಿ ನೋಡಿದ್ದರ ಬಗ್ಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ನಡೆಯಿತು. “ನಮ್ಮ ಒಲದ ಬೇಲಿನೇ ಇವ್ರು ಉಣ್ತಾರೆ. ಆ ಅಮ್ಮನ್ನ ಬಿಟ್ರೆ ಬೇಲಿ ಪೂರಾ ಮೇಯ್ದು ಬಿಡ್ತದೆ.” ಆ ದಿನ ಅವರು ಉಟ್ಟ ಸೀರೆ ಕಂಡು ನಾನೂ ಬಾಯಿ ತಪ್ಪಿ “ಜಮಖಾನ ಸುತ್ತಿಕೊಂಡಂಗೈತೆ” ಎಂದೆ. ಒಂದೇ ಸಲ. ಅದೂ ಮೆತ್ತಗೆ.

ಪುಎಬ್ಲಾ ಎಂಬ ಊರಿಗೆ ಬಸ್ಸಿನಲ್ಲಿ ಹೋಗುವಾಗ ಮಗಳ ಸಂಬಂಧದ ಮಾತೂ ಬಂತು. ಆಂಡಿ ದಂಪತಿ ಹಿಂದಿನ ಸೀಟಿನಲ್ಲಿದ್ದರು.

“ಆ ದಿಂಡುಕ್ಕಲ್ ಮಂದಿ ಏನಂತ ತಿಳ್ಕಂಡವ್ರೆ? ಜಾತಕ ಈಸ್ಕಂಡು ಮಡಿಕ್ಕಂಡು ಕುಂತವ್ರೆ, ಮಹಾರಾಜರು! ಇರುಂಬು ವ್ಯಾಪಾರ ಅಂತೆ. ತುಕ್ಕು ಇಡೀಲಿ! ಆ ಉಡುಗನ ಅಪ್ಪ ಎದುರಿಗೆ ಸಿಗ್ಲಿ, ಮೂಗಿಡ್ದು ಕೇಳ್ತೀನಿ.”

ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು.

ಮರುದಿನ ಬೆಳಿಗ್ಗೆ ನಾನಿನ್ನೂ ಹೊದ್ದು ಮಲಗಿದ್ದೆ. ಎಚ್ಚರವಾಗಿತ್ತು, ಕಣ್ಣು ತೆರೆದಿರಲಿಲ್ಲ. ಪಾಂಡಿಯಮ್ಮಾಳ್ ಕಿಟಕಿಯ ಬಳಿ ಫೋನಿನಲ್ಲಿ ಮಾತಾಡುತ್ತಿದ್ದರು. ನನಗೆ ತಮಿಳು ಕೇಳಿಸಲಿಲ್ಲ. ನಮ್ಮ ಅಜ್ಜಿ ಮಾತಾಡುತ್ತಿದ್ದಂಥ ಅಚ್ಚ ಕನ್ನಡ ಕೇಳಿಸಿತು.

“ರಾತ್ರಿ ಊಟ ಆಯ್ತಾ ಮಗಾ? ... ಊಂ, ಎಣ್ಣಿನ ಅಮ್ಮ ಇಲ್ಲೇ ಮಲ್ಗವ್ಳೆ. ... ಅವ್ರಪ್ಪನಾ? ಕೆಳಗೆ ಕಾಪಿ ಕುಡೀತಾವ್ರೆ, ನಿಂಗೆ ಅಲ್ಲೀವರೆಗೂ ಕೇಳಿಸ್ತಾ ಇಲ್ವಾ? ... ನಿಮ್ಮಪ್ಪ ಯೋಳೋದು ಸರಿ ಅಜಿತ್ತೂ. ಮನೆಗೆ ಎಣ್ಣು ನೋಡಕ್ಕೆ ಓದ್ರೆ ಎಲ್ಲಾರೂ ಒಳ್ಳೇವ್ರೇ. ಬಸ್‌ನಾಗೆ ಒಟ್ಟಿಗೆ ಕುಂತು ನೋಡ್ಬೇಕು. ಅದಕ್ಕೇ ತಾನೆ ಇವ್ರು ಓಗ್ತಾವ್ರೆ ಅಂತ ಬ್ರೋಕರ್ ಯೋಳಿದ ತಕ್ಷಣ ಇದೇ ಟೂರಿಗೆ ಏರಿದ್ದು. ... ನಿಮ್ಮಜ್ಜಿ ಬೂದಿನಾ? ಐತೆ, ಡಬ್ಬದಾಗೆ ಭದ್ರವಾಗೈತೆ!”

ಇಷ್ಟು ಹೇಳಿ ನಕ್ಕರು. ಹೊದಿಕೆಯ ಒಳಗೆ ನಾನು ಬೆವೆತುಹೋದೆ.

ನಮ್ಮವರಿಗೆ ವಿಷಯ ತಿಳಿಸಬೇಕು. ಆದರೆ ಹೇಗೆ? ಆಗ ನನಗೆ ನಮ್ಮ ಸ್ಥಿತಿಯ ಪೂರ್ತಿ ಅರ್ಥವಾಯಿತು. ಕನ್ನಡದಲ್ಲಿ ಹೇಳಿದರೆ ಅವರಿಗೆ ತಿಳಿಯುತ್ತದೆ. ತಮಿಳಿನಲ್ಲಿ ಹೇಳಿದರೆ ಬಸ್ಸಿಗೇ ತಿಳಿಯುತ್ತದೆ. ತಂಗಮ್ಮಾಳ್ ಅವರ ನಿಯಮದಿಂದಾಗಿ ಗಂಡನೊಡನೆ ಏಕಾಂತದಲ್ಲಿ ನಿಲ್ಲಲು ಜಾಗವಿಲ್ಲ. ಕಾರಿಡಾರಿನಲ್ಲಿ ನಮ್ಮವರ ತೋಳು ಹಿಡಿದು ಎಳೆದರೆ ತಂಗಮ್ಮಾಳ್ ಸೀಟಿ ಊದಿ, “ಮುತ್ತುಸೆಲ್ವಿ, ಈ ವಯಸ್ಸಿನಲ್ಲಿ!” ಎಂದು ಎಲ್ಲರೆದುರು ತಮಿಳಿನಲ್ಲಿ ಗದರಿದರು. ಗಂಡಸರೆಲ್ಲ ತಿರುಗಿ ನೋಡಿದರು. ನಮ್ಮವರಿಗೆ ಒಂದು ಥರ ಹೆಮ್ಮೆಯೇ ಆಯಿತು.

ಬಸ್ಸಿನಲ್ಲಿ ಅವರು ಬಾಯಿ ತೆರೆದಾಗ ತೊಡೆ ಚಿವುಟಿದೆ.

“ಅಯ್ಯೋ! ಯಾಕೆ ಚೂಟ್ತೀಯೆ? ಈ ತಾತನ್ನ ಅಂದ್ರೆ ನಿಂಗ್ಯಾಕೆ ಉರೀತದೆ?”

ಇಂಗ್ಲಿಷಿನಲ್ಲಿ ಹೇಳಿ ನೋಡಿದೆ. ತುಂಬ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ: “ಪ್ಲೀಸ್. ದೇ ಅಂಡರ್‌ಸ್ಟಾಂಡ್ ಅಸ್.”

“ಏನಿದು ಇಂಗ್ಲೀಸು? ಇಲ್ಲಿ ಎಲ್ಲಾರಿಗೂ ಇಂಗ್ಲೀಸು ತಿಳೀತದೆ. ಅದೇನೈತೋ ನಮ್ಮ ಮಾತ್ನಾಗೆ ಯೋಳು, ಯಾರಿಗೂ ಗೊತ್ತಾಗಲ್ಲ!”

ಬೇರೆ ದಾರಿ ಇರಲಿಲ್ಲ. ಆದ ನಷ್ಟವನ್ನು ನಾನೇ ತುಂಬಿಸಬೇಕಾಯಿತು. ಅಂದಿನಿಂದ ನಾನೂ ಕನ್ನಡದಲ್ಲಿ, ಹಿಂದಿನ ಸೀಟಿಗೆ ಕೇಳುವಷ್ಟು ಜೋರಾಗಿ ಮಾತಾಡತೊಡಗಿದೆ. ಪ್ರತಿ ಮಾತನ್ನೂ ತೂಗಿ, ಆರಿಸಿ.

“ಪಾಂಡಿಯಮ್ಮಾಳ್ ಅಕ್ಕನ ಸೀರೆ ಎಂಥಾ ಅಂದ! ಆಂಡಿ ಅಯ್ಯನಂಥ ಗೌರವಸ್ಥರನ್ನ ನಾನು ಇದುವರೆಗೂ ಕಂಡಿಲ್ಲ. ಅವ್ರು ಮಾತು ಕಮ್ಮಿ ಆಡೋದೇ ಒಂದು ದೊಡ್ಡತನ.”

ನಮ್ಮವರು ನನ್ನ ಹಣೆ ಮುಟ್ಟಿ ನೋಡಿದರು. “ಜ್ವರ ಬಂತಾ? ಮೊನ್ನೆ ಅದೇ ಸೀರೆ ನೋಡಿ ಜಮಖಾನ ಅಂದೋಳು ನೀನೇ ಅಲ್ವಾ?”

ಮೆಕ್ಸಿಕೊ ದೇಶದ ಬೆಟ್ಟಗುಡ್ಡಗಳ ಚೆಲುವನ್ನು ಕುರಿತು ಯಾರಾದರೂ ಕೇಳಿದರೆ ನನ್ನಿಂದ ಹೆಚ್ಚು ಹೇಳಲಾಗದು. ಅವು ಕಿಟಕಿಯ ಆಚೆ ಇದ್ದವು. ನಾನು ಕಿವಿಯನ್ನು ಹಿಂದಕ್ಕೆ ಇಟ್ಟುಕೊಂಡು ಪ್ರಯಾಣ ಮಾಡಿದೆ. ಊಟಕ್ಕೆ ಕೊಟ್ಟ ಚಾಕೊಲೇಟು ಮೆಣಸಿನಕಾಯಿ ಸೇರಿಸಿದ ಗೊಜ್ಜನ್ನು ಆಂಡಿ ಒಂದು ತುತ್ತು ತಿಂದು ಬಟ್ಟಲನ್ನು ಸರಿಸಿದರೆ, ನಾನು ಕನ್ನಡದಲ್ಲಿ “ನಾಲಗೆ ಮೇಲೆ ಎಂಥಾ ಹಿಡಿತ!” ಎಂದು ಮೆಚ್ಚುತ್ತಿದ್ದೆ. ಪಾಂಡಿಯಮ್ಮಾಳ್ ಬಸ್ಸಿನಲ್ಲಿ ಗೊರಕೆ ಹೊಡೆದರೆ, “ಒಳ್ಳೆ ಮನಸ್ಸಿನೋರಿಗೆ ಮಾತ್ರ ಇಂಥಾ ನಿದ್ದೆ” ಎನ್ನುತ್ತಿದ್ದೆ. ಆಗ ಗೊರಕೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಕೊನೆಗೆ ನನಗೆ ವಾಟ್ಸಾಪಿನ ನೆನಪಾಯಿತು. ಮಗಳಿಗೆ ದಿನಾ ಅದರಲ್ಲೇ ಬರೆಯುತ್ತಿದ್ದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಕಡಲತೀರದ ಕಾನ್‌ಕೂನಿಗೆ ವಿಮಾನ ಹಿಡಿಯುವ ಮುಂಚಿನ ದಿನ, ಹೆಂಗಸರ ಕೋಣೆಯ ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು, ತಮಿಳಿನಲ್ಲಿ ಅವರಿಗೆ ಬರೆದೆ: ಆಂಡಿಗೂ ಅವರ ಹೆಂಡತಿಗೂ ಕನ್ನಡ ಬರುತ್ತದೆ. ಅವರೇ ಅಜಿತ್‌ಕುಮಾರನ ಅಪ್ಪ ಅಮ್ಮ. ನಿಮಗೆ ಕೈ ಮುಗಿಯುತ್ತೇನೆ, ಬಾಯಿ ಮುಚ್ಚಿಕೊಂಡಿರಿ.

ಓದಿದ ಗುರುತು ಬಿತ್ತು. ಎದೆಯ ಮೇಲಿನ ಕಲ್ಲು ಇಳಿಯಿತು. ಐದು ನಿಮಿಷಕ್ಕೆ ನಮ್ಮವರು ಊಟದ ಹಾಲಿಗೆ ನಗುನಗುತ್ತಾ ಬಂದರು.

“ಊಟಕ್ಕೆ ಬನ್ನಿ ಅಂತ ನೀನೇ ಬರ್ದಿದ್ದೆ. ಇನ್ನೂ ತಟ್ಟೆನೇ ಇಟ್ಟಿಲ್ಲ?”

“ನಾನೆಲ್ಲಿ ಹಾಗೆ ಬರೆದೆ?”

“ಓದೋ ಕಣ್ಣಾಡಿ ಬಸ್‌ನಾಗೆ ಬಿಟ್ಟು ಬಂದೆ. ಪಕ್ಕದಾಗೆ ಆಂಡಿ ಅಯ್ಯ ಇದ್ರು, ಕೊಂಚ ಓದಿ ಯೋಳಿ ಅಂತ ಫೋನು ಕೊಟ್ಟೆ. ಓದುದ್ರು, ಎರಡು ಸಲ ಓದುದ್ರು. ‘ನಿಮ್ಮನ್ನ ಊಟಕ್ಕೆ ಕರೀತಾವ್ರೆ’ ಅಂದ್ರು.”

ಬಾಗಿಲಲ್ಲಿ ಆಂಡಿ ನಿಂತಿದ್ದರು. ನನ್ನನ್ನು ನೋಡಿ, ಬಹಳ ಗೌರವದಿಂದ, ತಲೆ ಬಾಗಿಸಿದರು. ಆ ದಿನ ನಾನು ಊಟ ಮಾಡಲಿಲ್ಲ.

ಕಾನ್‌ಕೂನಿನ ಸಮುದ್ರ ನೀಲಿ ಎಂದು ಜಾಹೀರಾತಿನಲ್ಲಿತ್ತು. ನಾವು ಹೋದ ವಾರ ದಡದ ತುಂಬ ಕಂದು ಬಣ್ಣದ ಪಾಚಿ ಬಂದು ಬಿದ್ದು, ಕೊಳೆತ ಬಾಳೆದಿಂಡಿನ ವಾಸನೆ ಹೊಡೆಯುತ್ತಿತ್ತು. ನಮ್ಮವರಿಗೆ ಮಂಡಿಗೆ ಬಂದಷ್ಟೇ ಸಂತೋಷವಾಯಿತು. ಗಿಣಿಗಳ ಚಿತ್ರದ ಅಂಗಿ ಹಾಕಿ, ಫ್ಲೆಕ್ಸಿನಲ್ಲಿದ್ದಂಥ ಟೋಪಿ ಕೊಂಡು, ಪಿಚ್ಚೈಗೆ ಕಳಿಸಲು ಫೋಟೋ ತೆಗೆಸಿಕೊಂಡರು. ತಂಗಮ್ಮಾಳ್ ನೀರಿನ ಅಂಚಿನಲ್ಲಿ ನಿಂತು, ಮೊಣಕಾಲಿಗಿಂತ ಮೇಲೆ ನೆನೆದವರಿಗೆ ಸೀಟಿ ಊದುತ್ತಿದ್ದರು. ಸಂಜೆ ಇಳಿಬಿಸಿಲಿನಲ್ಲಿ ಆಂಡಿ ಪ್ಲಾಸ್ಟಿಕ್ ಕುರ್ಚಿಗಳನ್ನು ತಾವೇ ಎಳೆದು ತಂದು ನಮ್ಮಿಬ್ಬರ ಎದುರಿಗೆ ಹಾಕಿದರು. ಗಂಡ ಹೆಂಡತಿ ಕುಳಿತರು. ಆಂಡಿ ಗಂಟಲು ಸರಿಪಡಿಸಿಕೊಂಡು, ನಮ್ಮವರನ್ನು ನೋಡಿ, ಕನ್ನಡದಲ್ಲಿ ಹೇಳಿದರು:

“ಪ್ರಭಾಕರಾ, ನಿನ್ನ ತಾವ ಕೊಂಚ ಮಾತಾಡ್ಬೇಕು.”

ನಮ್ಮವರು ಬಾಯಿ ತೆರೆದುಕೊಂಡು ನೋಡಿದರು. ಆಮೇಲೆ ಎದ್ದು ಆಂಡಿಯ ಎರಡೂ ಕೈ ಹಿಡಿದು ಕುಲುಕಿದರು.

“ಅಯ್ಯಾ! ಎಷ್ಟು ಬೇಗ ಕಲ್ತುಬಿಟ್ರಿ! ಬರೀ ನನ್ನ ಮಾತು ಕೇಳಿ ಕೇಳೇ? ಸೆಲ್ವೀ, ನೋಡ್ದಾ! ನೀನು ಬಾಯಿ ಮುಚ್ಚಿ ಅಂತಿದ್ದೆಯಲ್ಲಾ, ಮುಚ್ಚಿದ್ರೆ ಈ ಮನುಷ್ಯ ಕಲೀತಿದ್ನಾ?”

ನಾನು ಪಾಚಿಯನ್ನು ನೋಡಿದೆ. ಅದರೊಳಗೆ ಒಬ್ಬ ಹೆಂಗಸು ಅಡಗಿ ಕೂರುವಷ್ಟು ರಾಶಿಯಿತ್ತು.

“ಕೂತ್ಕೋ,” ಎಂದರು ಆಂಡಿ. “ನಾನು ಕಲ್ತಿದ್ದು ಇಲ್ಲಲ್ಲ, ನಮ್ಮವ್ವನ ಮಡಿಲಾಗೆ. ಅಜಿತ್‌ಕುಮಾರ ನನ್ನ ಮಗ. ಬ್ರೋಕರ್ ಇರುಂಬು ಅಂದದ್ದು ನಮ್ಮ ಬೀಗಗಳ್ನೇ. ಮೂಗಿಡ್ದು ಕೇಳ್ತೀನಿ ಅಂದ್ಯಲ್ಲಾ, ತಗೋ, ಮೂಗು ಇಲ್ಲೇ ಐತೆ. ಕೇಳು.”

ನಮ್ಮವರ ಕೈಯಲ್ಲಿದ್ದ ಟೋಪಿ ಬಿತ್ತು. ಮಂಡಿಯಲ್ಲಿ ಕೂಗುವ ಆ ಗಂಟಲಿನಿಂದ ಮೊಟ್ಟಮೊದಲ ಪಿಸುಮಾತು ಹೊರಟಿತು. “ಅಯ್ಯಾ... ಆ ಬೂದಿ ಅಂದದ್ದು... ವಿಭೂತಿ ಅನ್ನೋ ಅರ್ಥದಾಗೆ...”

“ಬಿಡಣ್ಣಾ,” ಎಂದರು ಪಾಂಡಿಯಮ್ಮಾಳ್. “ನೀನು ಅಂದದ್ದಕ್ಕೆಲ್ಲಾ ನಾವು ಬಾಯಿಗೆ ಬಟ್ಟೆ ತುರುಕ್ಕಂಡು ನಕ್ಕಿದ್ದೀವಿ. ನಮ್ಮತ್ತೆ ಇದ್ದಿದ್ರೆ ಅವ್ರೂ ನಗೋರು. ನಿನ್ನ ಒಟ್ಟೇಲಿ ಏನೈತೋ ಅದು ಬೀದಿಗೇ ಕೇಳಿಸ್ತದೆ. ಅಂಥೋನ ಮನೇಲಿ ಎಣ್ಣು ತರಕ್ಕೆ ಭಯ ಇಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. ದನಿ ಮೃದುವಾಗಿಯೇ ಇತ್ತು. “ಭಯ ಆದದ್ದು ನೀನು ಒಗಳೋಕೆ ಸುರು ಮಾಡಿದ್ಮೇಲೆ ತಂಗೀ. ಆ ಬೆಳಿಗ್ಗೆ ನಾನು ಫೋನ್ನಾಗೆ ಮಾತಾಡ್ವಾಗ ನಿನ್ನ ಕಣ್ಣು ಮುಚ್ಚಿತ್ತು, ಕಾಲ್ಬೆರಳು ಮಾತ್ರ ಆಡ್ತಾ ಇತ್ತು. ಅದಕ್ಕೆ ಮುಂಚೆ ನನ್ನ ಸೀರೆ ಜಮಖಾನ. ಅದಾದ್ಮೇಲೆ ನನ್ನ ಗೊರಕೆನೂ ಅಂದ. ನಾಳೆ ಸಂಬಂಧ ಆದ್ರೆ, ನೀನು ಒಳ್ಳೇದು ಅಂದಾಗ ನಾನು ಏನಂತ ತಿಳ್ಕಳ್ಳಿ?”

ಇಡೀ ಬಸ್ಸಿನ ಎದುರು ನಮ್ಮವರು ಕೂಗಿದ ಒಂದೊಂದು ಮಾತಿಗೂ ನಾನು ನಾಚಿಕೊಂಡಿದ್ದೆ. ನನ್ನ ಮಾತಿಗೆ ನಾಚಬೇಕೆಂದು ಹೊಳೆದಿರಲೇ ಇಲ್ಲ.

“ಒಂದೇ ಒಂದು ಕೇಳ್ತೀವಿ,” ಎಂದರು ಆಂಡಿ. “ಎಣ್ಣು ಯಾರಂಗೆ? ಅಪ್ಪನಂಗಾ, ಅಮ್ಮನಂಗಾ?”

ನನ್ನ ಮಗಳ ಬದುಕು ಆ ಪ್ರಶ್ನೆಯ ಮೇಲೆ ನಿಂತಿತ್ತು. ಜೀವನದಲ್ಲಿ ಮೊದಲ ಸಲ ತೂಗದೆ ಬಾಯಿಬಿಟ್ಟೆ. “ಅಪ್ಪನಂಗೆ! ಅಚ್ಚು ಅವ್ರಪ್ಪನಂಗೇ!”

“ಚೇ ಚೇ, ಸುಳ್ಳು!” ನಮ್ಮವರು ಎದೆಯುಬ್ಬಿಸಿ ಎದ್ದು ನಿಂತರು, ದನಿ ಮಂಡಿಗೆ ಮರಳಿತ್ತು. “ಅವ್ಳು ಪೂರಾ ಅಮ್ಮ! ಮಾತಾಡೋಕೆ ಮುಂಚೆ ಮೂರು ಸಲ ಯೋಚ್ನೆ ಮಾಡ್ತಾಳೆ. ಎದುರಿಗಿರೋರ್ಗೆ ಏನಿಡಿಸ್ತದೋ ಅದನ್ನೇ ನೋಡಿ ಯೋಳ್ತಾಳೆ. ಅಂಥಾ ಬುದ್ದಿವಂತೆ ಈ ಕಣಿವೆನಾಗೇ ಇಲ್ಲ!”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಮುದ್ರದ ಕಡೆಯಿಂದ ಸೀಟಿ ಕೇಳಿಸಿತು.

“ಅವಳನ್ನೇ ನೋಡ್ಬಿಡಣ,” ಎಂದರು ಪಾಂಡಿಯಮ್ಮಾಳ್. “ಫೋನು ಆಕು.”

ನಮ್ಮ ಊರಿನಲ್ಲಿ ಆಗ ಬೆಳಗಿನ ಹೊತ್ತು. ಹೆಣ್ಣು ನೋಡುವುದೆಂದರೆ ನಮ್ಮಲ್ಲಿ ರೇಷ್ಮೆ ಸೀರೆ, ಮಲ್ಲಿಗೆ, ತಟ್ಟೆಯಲ್ಲಿ ಕಾಪಿ, ತಗ್ಗಿಸಿದ ತಲೆ. ಫೋನಿನಲ್ಲಿ ತೇನ್‌ಮೊಳಿ ಬಂದಳು. ತಲೆ ಕೆದರಿತ್ತು, ಎಸ್ಟೇಟಿನ ಕೆಲಸದ ಸ್ವೆಟರು, ಬಾಯಲ್ಲಿ ಬ್ರಷ್ಷು, ಗಲ್ಲದ ಮೇಲೆ ನೊರೆ. ನಾನು ಕುರ್ಚಿಯಲ್ಲೇ ಸಣ್ಣಗಾದೆ.

“ನಾನು ಅಜಿತ್ ಅಮ್ಮ, ಮಗಾ,” ಎಂದರು ಪಾಂಡಿಯಮ್ಮಾಳ್.

ತೇನ್‌ಮೊಳಿ ಬ್ರಷ್ಷು ತೆಗೆದು, ಉಗಿದು ಬಂದಳು. “ವಣಕ್ಕಂ ಅತ್ತೆ. ಒಂದು ನಿಮಿಷ. ನೀವು ಕರೆದ್ರೆ ಏನೇನು ಯೋಳ್ಬೇಕು ಅಂತ ಅಮ್ಮ ಬರ್ದು ಕಳ್ಸವ್ರೆ, ಪುಎಬ್ಲಾದಿಂದ ದಿನಾ ಕಳಿಸ್ತಾವ್ರೆ. ಅದನ್ನ ಓದ್ಲಾ, ಇಲ್ಲಾ ನಂಗೆ ತೋಚಿದ್ದು ಯೋಳ್ಲಾ?”

ನಾಲ್ಕು ಕುರ್ಚಿಗಳಲ್ಲಿ ಯಾರೂ ಉಸಿರಾಡಲಿಲ್ಲ. ನಾನಂತೂ ಉಸಿರಾಡುವ ಆಸೆಯನ್ನೇ ಬಿಟ್ಟಿದ್ದೆ.

“ತೋಚಿದ್ದೇ ಯೋಳು,” ಎಂದರು ಆಂಡಿ.

“ನಿಮ್ಮ ಮಗ ಚೆಂದಾಗವ್ರೆ. ನಂಗೆ ಇಷ್ಟ. ಆದ್ರೆ ಆ ಮೀಸೆ ಮಾತ್ರ ಬ್ಯಾಡ.”

“ನಾನೂ ಯೋಳಿ ಯೋಳಿ ಸಾಕಾಯ್ತು!” ಪಾಂಡಿಯಮ್ಮಾಳ್ ತೊಡೆ ತಟ್ಟಿಕೊಂಡರು. ಆಂಡಿ ನಗತೊಡಗಿದರು. ಆ ಸಣ್ಣ ಆಳಿನೊಳಗೆ ಅಷ್ಟು ದೊಡ್ಡ ನಗು ಇರಬಹುದೆಂದು ನಾವು ಎಣಿಸಿರಲಿಲ್ಲ. ಕಣ್ಣೊರೆಸಿಕೊಂಡು ಹೆಂಡತಿಗೆ ಹೇಳಿದರು, “ಅಪ್ಪನಂಗೇ. ಆಷಾಢಕ್ಕೆ ಮುಂಚೆನೇ ತಾಂಬೂಲ ಮಾತಾಡ್ಬಿಡಣ.”

“ಅಪ್ಪನಂಗಾ?” ನಮ್ಮವರಿಗೆ ನಿಜವಾಗಿ ಬೇಸರವಾಗಿತ್ತು. “ನಾನೆಲ್ಲಿ ಇಂಗೆ ಮೂತಿಗೆ ಒಡ್ದಂಗೆ ಮಾತಾಡ್ತೀನಿ?”

ಇಂಥ ಹೊತ್ತಿನಲ್ಲಿ ಹೆಣ್ಣಿನ ತಾಯಿಯಾದವಳು ನಾಲ್ಕು ಒಳ್ಳೆಯ ಮಾತು ಆಡಬೇಕು. ನಾನು ಆಡೋಣವೆಂದು ಬಾಯಿ ತೆರೆದೆ. ಆಂಡಿ, ಪಾಂಡಿಯಮ್ಮಾಳ್, ಫೋನಿನೊಳಗಿಂದ ನನ್ನ ಮಗಳು, ಮೂವರೂ ಒಟ್ಟಿಗೆ ನನ್ನತ್ತ ತಿರುಗಿ, ಏನು ಬರುತ್ತದೋ ಎಂದು ಬಹಳ ಕುತೂಹಲದಿಂದ ಕಾದರು.

ಬಾಯಿ ಮುಚ್ಚಿಕೊಂಡೆ.